ಗೋಡೆ ನಿಜ, ಆಕಾಶ ಸುಳ್ಳು

ಕಲಾವಿದರ ಮನೆಗೆ ಅತಿಥಿಗಳನ್ನು ಕರೆದುಕೊಂಡು ಹೋಗುವ ಕೆಲಸ ಅಂದರೆ ಸಾಕು, "ಎಷ್ಟು ಚಂದದ ಕೆಲಸ ನಿಮ್ಮದು ವಿಜಯಕ್ಕ, ದಿನಾ ಚಿತ್ರ ನೋಡುವುದು, ಕಾಫಿ ಕುಡಿಯುವುದು" ಅನ್ನುತ್ತಾರೆ. ಹೌದಪ್ಪ, ಚಂದವೇ. ದೋಹಾದ ಜೂನ್ ತಿಂಗಳ ಮಧ್ಯಾಹ್ನ ಎ.ಸಿ. ಕೆಟ್ಟ ವ್ಯಾನಿನಲ್ಲಿ, ಫೋನೂ ಎತ್ತದ, ಬಾಗಿಲೂ ತೆಗೆಯದ ಕಲಾವಿದನ ಗೇಟಿನ ಮುಂದೆ ಕೂತವರಿಗೆ ಆ ಚಂದ ಗೊತ್ತು. ಹಿಂದಿನ ಸೀಟಿನ ಅತಿಥಿಗಳು ಬೆವರು ಒರೆಸಿಕೊಳ್ಳುತ್ತ ನಮ್ಮ ಬೆನ್ನನ್ನೇ ನೋಡುತ್ತಿರುತ್ತಾರೆ.

ಹೋದ ವರ್ಷ ನಿವೃತ್ತಳಾದೆ. ಈಗ ಅಲ್ ಥುಮಾಮಾದ ನಮ್ಮ ಫ್ಲ್ಯಾಟಿಗೆ, ಈ ಕೆಲಸಕ್ಕೆ ಹೊಸದಾಗಿ ಸೇರಿದ ಊರಿನ ಕಡೆಯ ಹುಡುಗಿಯರು ಆಗಾಗ ಬರುತ್ತಾರೆ. ಪರೀಕ್ಷೆಗೆ ಓದಿಕೊಂಡ ಮುಖ. ದೋಹಾದ ಚರಿತ್ರೆ ಬಾಯಿಪಾಠ. "ಇನ್ನೇನು ಕಲೀಬೇಕು ಆಂಟಿ?" ಎಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಎಷ್ಟು ಸರ್ಟಿಫಿಕೇಟು ಸಿಕ್ಕಿತು ಎಂಬುದನ್ನು ಬಿಟ್ಟುಬಿಡುವ, ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಜ್ಞಾನ ನೋಡಿ ಅಲ್ಲ. ನಮ್ಮದು ಚಿಕ್ಕ ಟೂರ್ ಕಂಪೆನಿ. ಬೆಳಿಗ್ಗೆ ಹಳೆ ಸೂಕ್ ಪೇಟೆ, ಆಮೇಲೆ ಎರಡು ಸ್ಟುಡಿಯೋ, ಕೊನೆಗೆ ಸಮುದ್ರದ ದಂಡೆ. ಇಲ್ಲಿಯ ಎಷ್ಟೋ ಚಿತ್ರಗಾರ್ತಿಯರ ಸ್ಟುಡಿಯೋ ಅವರ ಮನೆಯೊಳಗೇ ಇರುತ್ತದೆ, ಗಂಡಸು ಗೈಡು ಅಲ್ಲಿಗೆ ಕಾಲಿಡುವ ಹಾಗಿಲ್ಲ. ಆದ್ದರಿಂದ ಒಬ್ಬಳು ಹೆಂಗಸು ಬೇಕಾಗಿತ್ತು. ಶಾಲೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ ನಾನು ಸಿಕ್ಕಿದೆ. ಮ್ಯಾನೇಜರ್ ಸುಕುಮಾರನ್ ಕೇರಳದವರು, ಕೈಗಡಿಯಾರವನ್ನು ನೋಡಿಯೇ ಉಸಿರಾಡುವವರು. ಇಂಟರ್‌ವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ನಿಮಗೆ ಲೇಟ್ ಆಗುವ ಅಭ್ಯಾಸ ಉಂಟೋ?"

ಮೊದಲ ವಾರವೇ ಒಂದು ಎಡವಟ್ಟು ಮಾಡಿದೆ. ಅರಬಿ ಅಕ್ಷರಗಳನ್ನೇ ಚಿತ್ರವಾಗಿ ಬರೆಯುವ ಒಬ್ಬ ವಯಸ್ಸಾದ ಕಲಾವಿದರ ಮನೆ. ಅವರು ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ ಕಾಫಿ ಬಗ್ಗಿಸಿ ನನ್ನ ಮುಂದೆ ಹಿಡಿದರು. ನಾನು ದಕ್ಷಿಣ ಕನ್ನಡದವಳಲ್ಲವೇ? "ಅಯ್ಯೋ ಬೇಡ ಬೇಡ, ಈಗಷ್ಟೇ ಆಯ್ತು" ಅಂದೆ. ನಮ್ಮಲ್ಲಿ ಬೇಡ ಅಂದರೆ ಇನ್ನೊಂದು ಸಲ ಒತ್ತಾಯ ಮಾಡಿ ಅಂತ ಅರ್ಥ. ಮೂರು ಸಲ ಬೇಡ ಎಂದು ನಾಲ್ಕನೆಯ ಸಲಕ್ಕೆ ಕೈ ಚಾಚಿದರೆ ಮರ್ಯಾದಸ್ಥರು. ನನ್ನನ್ನು ನೋಡಿ ಅತಿಥಿಗಳೂ ಇಲ್ಲಿಯ ಪದ್ಧತಿ ಇದೇ ಇರಬೇಕೆಂದು ಬೇಡ ಅಂದರು. ಮುದುಕರು ಫ್ಲಾಸ್ಕಿನ ಮುಚ್ಚಳ ಹಾಕಿದರು. ನಮಗೆ ಒಂದೇ ಒಂದು ಹಾಳೆ ತೋರಿಸಿ ನಮಾಜಿನ ಹೊತ್ತಾಯಿತೆಂದು ಎದ್ದರು. ಹೊತ್ತು ಆಗಿರಲಿಲ್ಲ. ಆಮೇಲೆ ನಾನು ಯಾವ ಸ್ಟುಡಿಯೋದಲ್ಲೂ ಮೊದಲ ಕಪ್ಪಿಗೆ ಬೇಡ ಅಂದದ್ದಿಲ್ಲ.

ಆಗ ದಾರಿ ಕಂಡುಹಿಡಿಯುವುದೇ ಅರ್ಧ ಕೆಲಸ. "ಲಾಂಡ್ರಿ ದಾಟಿ, ನೀಲಿ ನೀರಿನ ಟ್ಯಾಂಕು ಕಂಡರೆ ಬಲಕ್ಕೆ" ಎಂದು ಕಲಾವಿದರು ಹೇಳುವುದು, ನಾವು ಹೋಗುವಷ್ಟರಲ್ಲಿ ಲಾಂಡ್ರಿಯೇ ಇಲ್ಲದಿರುವುದು. ಈಗ ಫೋನು ದಾರಿ ತೋರಿಸುತ್ತದೆ. ಈಗ ಕೆಲವು ಕಲಾವಿದರು ಅತಿಥಿಗಳು ಫೋಟೋ ತೆಗೆಯಲೆಂದೇ ಒಂದು ಮೂಲೆಯನ್ನು ಸಿಂಗರಿಸಿ ಇಟ್ಟಿರುತ್ತಾರೆ. ಒಣಗಿದ ಬ್ರಷ್ಷು, ಹೊಸ ಏಪ್ರನ್ನು. ಹುಡುಗಿಯರೇ, ಆ ಮೂಲೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ನೆಲ ಎಲ್ಲಿ ಗಲೀಜಾಗಿದೆಯೋ ಅಲ್ಲಿಗೆ ಅತಿಥಿಗಳನ್ನು ಕರೆದುಕೊಂಡು ಹೋಗಿ, ಕೆಲಸ ನಡೆಯುವುದು ಅಲ್ಲಿ.

ಅಲ್ ಅಜೀಜಿಯಾದ ಒಂದು ವಿಲ್ಲಾದಲ್ಲಿ ಮರಿಯಮ್ ಮೇಡಂ ಇದ್ದರು, ಕತಾರಿನವರು. ಮೊಮ್ಮಕ್ಕಳಿದ್ದ ಹೆಂಗಸು. ಮನೆಯ ಪಕ್ಕದ ಉದ್ದ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದರು. ಅತಿಥಿಗಳು ಒಳಗೆ ಬಂದು "ವಾವ್" ಅಂದ ಕೂಡಲೇ ಅವರ ಮುಖ ಗಂಟಾಗುತ್ತಿತ್ತು. "ಇಷ್ಟರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದು, ಹೇಳಿ" ಎಂದು ಕೇಳುತ್ತಿದ್ದರು. ಅತಿಥಿಗಳು ಪೆಚ್ಚಾಗಿ ನನ್ನ ಕಡೆ ನೋಡುವುದು. ಧೈರ್ಯ ಮಾಡಿ ಬೆರಳು ತೋರಿಸಿದವರಿಗೆ ಎರಡನೇ ಕಾಫಿ, ಖರ್ಜೂರ, ಒಂದು ಗಂಟೆ ಮಾತು. ತೋರಿಸದವರಿಗೆ ಬಾಗಿಲು. ಅವರ ಮನೆಗೆ ಕರೆದುಕೊಂಡು ಹೋಗುವಾಗಲೆಲ್ಲ ಸುಕುಮಾರನ್‌ಗೆ ಹೊಟ್ಟೆನೋವು. ನನಗೆ ಮಾತ್ರ ಆಕೆಯೆಂದರೆ ಜೀವ.

ಈ ಎಲ್ಲದರ ನಡುವೆ ಜಯಂತನ ವಿಷಯ ಬಂತು. ಕೆಲಸದ ಇಷ್ಟು ವರ್ಷಗಳಲ್ಲಿ ನಾನು ಹೊಕ್ಕ ಸ್ಟುಡಿಯೋಗಳಲ್ಲಿ ಮರೆಯಲಾಗದ್ದು ಅವನದೇ.

ಜಯಂತ ಮುಲ್ಕಿಯ ಕಡೆಯವನು. ಅಲ್ ಹಿಲಾಲ್‌ನ ಒಂದು ಹಳೆ ವಿಲ್ಲಾದ ಕೆಳಗಿನ ಪಾಲಿನಲ್ಲಿ ಹೆಂಡತಿ ಸುಮತಿಯ ಜೊತೆ ಇದ್ದ. ಎ.ಸಿ. ಬಿಡಿಭಾಗಗಳ ಕಂಪೆನಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಸಂಜೆ ಬಂದವನು ಊಟದ ಕೋಣೆಯಲ್ಲಿ ಸ್ಟ್ಯಾಂಡು ಇಟ್ಟು ಚಿತ್ರ ಬರೆಯುತ್ತಾನೆ ಎಂಬುದು ನಮ್ಮ ತುಳುವರಿಗೆಲ್ಲ ಗೊತ್ತಿತ್ತು. ಮದುವೆ ವಾರ್ಷಿಕೋತ್ಸವ, ನಾಟಕದ ರಂಗಸಜ್ಜಿಕೆ ಎಂದರೆ ಅವನನ್ನು ಕರೆಯುತ್ತಿದ್ದರು. ಎಲ್ಲರೂ "ಸೂಪರ್ ಮಾರಾಯ" ಎಂದು ಬೆನ್ನು ತಟ್ಟಿ ಊಟಕ್ಕೆ ಹೋಗುತ್ತಿದ್ದರು.

ಒಂದು ಶುಕ್ರವಾರ ನಮ್ಮ ಮನೆಗೆ ಬಂದ. ಚಹಾ ಮುಟ್ಟಲಿಲ್ಲ.

"ವಿಜಯಕ್ಕ, ಕಂಪೆನಿ ಖಲಾಸ್. ಬ್ರಾಂಚ್ ಮುಚ್ತಾರಂತೆ. ಮುಂದಿನ ತಿಂಗಳು ನಾವು ಊರಿಗೆ. ವಾಪಸ್ ಬರ್ಲಿಕ್ಕಿಲ್ಲ."

"ದೇವರೇ. ಸುಮತಿ ಏನು ಹೇಳ್ತಾಳೆ?"

"ಅವಳು ಪ್ಯಾಕಿಂಗ್ ಶುರು ಮಾಡಿ ಆಯ್ತು. ನನಗೆ ಚಿಂತೆ ಅದಲ್ಲ. ಚಿತ್ರ ಉಂಟಲ್ಲ ಅಕ್ಕ, ಇಷ್ಟು ವರ್ಷದ್ದು. ತಗೊಂಡು ಹೋಗ್ಲಿಕ್ಕೆ ಜಾಗ ಇಲ್ಲ. ಬಿಟ್ರೆ ಮುನಿಸಿಪಾಲಿಟಿ ತೊಟ್ಟಿಗೆ. ಅದು ನಿಜವಾಗಿ ಚಿತ್ರವಾ, ಇಲ್ಲ ಸುಮ್ಮನೆ ನಾನು ಬಣ್ಣ ಹಚ್ಚಿದ್ದಾ ಅಂತ ಗೊತ್ತಾಗ್ಬೇಕು. ಗೊತ್ತಿದ್ದವರು ಒಬ್ರು ನೋಡಿ ಹೇಳಿದ್ರೆ ಸಾಕು. ಅಲ್ಲ ಅಂದ್ರೆ ನಾನೇ ತೊಟ್ಟಿಗೆ ಹಾಕಿ ಬರ್ತೇನೆ, ಬೇಜಾರಿಲ್ಲ."

ಬೇಜಾರಿಲ್ಲ ಎಂದವನ ಕಣ್ಣು ನೋಡಬೇಕಿತ್ತು. ನನ್ನ ಹತ್ತಿರವೇ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೆ ನಾನೂ ಸೂಪರ್ ಎನ್ನುತ್ತಿದ್ದೆ ಎಂದು ಅವನಿಗೆ ಗೊತ್ತು. ನಮ್ಮ ಕಡೆಯವರು ಒಬ್ಬರ ಮುಖಕ್ಕೆ ಕೆಟ್ಟದ್ದು ಹೇಳುವವರಲ್ಲ. ಹೇಳುವುದಿದ್ದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಜಾರಿಕೊಳ್ಳುತ್ತೇವೆ.

ಸುಕುಮಾರನ್ ಹತ್ತಿರ ಹೋದೆ. ಒಂದು ದಿನ ನಮ್ಮ ಟೂರಿನಲ್ಲಿ ಜಯಂತನ ಮನೆಯನ್ನೂ ಸೇರಿಸುವ, ಯಾರಾದರೂ ತಿಳಿದವರು ಅತಿಥಿಗಳಲ್ಲಿ ಇದ್ದೇ ಇರುತ್ತಾರೆ ಎಂದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ವಿಜಯಾ, ನಮ್ಮ ಬ್ರೋಶರಲ್ಲಿ ಏನು ಬರೆದಿದೆ? ಲೋಕಲ್ ಆರ್ಟಿಸ್ಟ್. ಅವನು ಲೋಕಲ್ ಅಲ್ಲಲ್ಲೋ."

"ಸರ್, ಅವನು ಇಲ್ಲಿಗೆ ಬರುವಾಗ ಮೀಸೆ ಸರಿಯಾಗಿ ಬಂದಿರಲಿಲ್ಲ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಇನ್ನೆಷ್ಟು ಲೋಕಲ್ ಆಗ್ಬೇಕು?"

"ಹಾಗಾದ್ರೆ ನಾನೂ ಲೋಕಲ್, ನೀವೂ ಲೋಕಲ್. ಗೆಸ್ಟ್ ಬರುವುದು ನಮ್ಮನ್ನು ನೋಡ್ಲಿಕ್ಕಾ? ಮಾಫಿ ಮೇಡಂ, ಮಾಫಿ. ಇಲ್ಲ ಅಂದ್ರೆ ಇಲ್ಲ."

ಸಿಟ್ಟು ನೆತ್ತಿಗೇರಿತು. ಆದರೆ ಮನೆಗೆ ಬಂದು ಯೋಚಿಸಿದಾಗ, ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ ಎನಿಸಿತು. ಇಲ್ಲಿ ಇಷ್ಟು ವರ್ಷ ಇದ್ದರೂ ಯಾರಾದರೂ 'ನಿಮ್ಮ ಊರು ಯಾವುದು' ಎಂದರೆ ನಾವು ಯಾರೂ ದೋಹಾ ಅನ್ನುವುದಿಲ್ಲ. ವೀಸಾ ಮುಗಿದ ದಿನ ಊರೂ ಮುಗಿಯುತ್ತದೆ. ಹಾಗಿದ್ದ ಮೇಲೆ ಆ ಮನುಷ್ಯ ದಿನಾ ಸಂಜೆ ಕೂತು ಯಾವ ಊರನ್ನು ಬರೆಯುತ್ತಿದ್ದ? ಆ ಪ್ರಶ್ನೆ ಕಾಡಿತು.

ಮಾರನೆಯ ವಾರ ಮರಿಯಮ್ ಮೇಡಂ ಮನೆಗೆ ಹೋದಾಗ ಅತಿಥಿಗಳನ್ನು ವ್ಯಾನಿಗೆ ಹತ್ತಿಸಿ ನಾನು ಹಿಂದೆ ಉಳಿದೆ. ಕೆಲಸಕ್ಕೆಂದು ಕಲಿತ ನನ್ನ ಅರಬಿಯಲ್ಲಿ ವಿಷಯ ಹೇಳಿದೆ.

"ನನ್ನನ್ನೇ ಯಾಕೆ ಕೇಳುತ್ತೀ?" ಎಂದರು.

"ನಿಮಗೆ ಸಿಹಿ ಮಾತು ಬರುವುದಿಲ್ಲ, ಅದಕ್ಕೆ."

ಅವರು ನಕ್ಕರು, ಅದನ್ನು ನಾನು ನೋಡಿದ್ದು ಅಪರೂಪ. "ಶನಿವಾರ ಬಾ. ನನ್ನ ಕಾರಿನಲ್ಲೇ ಹೋಗುವ" ಎಂದರು.

ಶನಿವಾರ ನನಗೆ ರಜೆ. ಅಲ್ ಅಜೀಜಿಯಾದಿಂದ ಅಲ್ ಹಿಲಾಲ್‌ಗೆ ಹೋಗುವ ದಾರಿಯಲ್ಲಿ ಅವರು ಡ್ರೈವರನಿಗೆ ಮೆಲ್ಲಗೆ, ಮೆಲ್ಲಗೆ ಎನ್ನುತ್ತಲೇ ಇದ್ದರು. ದಿನಾ ಊರು ತೋರಿಸುವವಳು ನಾನು, ಅಂದು ನನಗೆ ಊರು ತೋರಿಸಿದವರು ಅವರು. "ಇಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ಅಲ್ಲಿ ಒಂದು ಬೇಕರಿ. ಈ ಕಡೆಗೆ ನಾನು ಬಂದು ಯಾವ ಕಾಲವಾಯಿತು" ಎಂದು ಕಿಟಕಿಗೆ ಮುಖ ಇಟ್ಟು ಹೇಳುತ್ತಿದ್ದರು. ಅವರು ತೋರಿಸಿದ ಕಡೆಯೆಲ್ಲ ಮೊಬೈಲ್ ಅಂಗಡಿ, ಜ್ಯೂಸ್ ಅಂಗಡಿ, ಪಾರ್ಕಿಂಗ್.

ಜಯಂತನ ಮನೆಯ ಬಾಗಿಲು ತೆರೆದ ಕೂಡಲೇ ಊದುಬತ್ತಿ ಪರಿಮಳ. ಟೇಬಲ್ಲಿನ ಮೇಲೆ ಹೊಸ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಗುಲಾಬಿ. ನೆಲ ಮುಖ ಕಾಣುವ ಹಾಗೆ ಮಿಂಚುತ್ತಿದೆ. ಗೋಡೆಯ ಮೇಲೆ ಕೃಷ್ಣನ ಒಂದು ಕ್ಯಾಲೆಂಡರು. ಇಡೀ ಮನೆಯಲ್ಲಿ ಒಂದೇ ಒಂದು ಚಿತ್ರ ಇಲ್ಲ, ಒಂದು ಬ್ರಷ್ಷು ಇಲ್ಲ, ನೆಲದಲ್ಲಿ ಒಂದು ಹನಿ ಬಣ್ಣ ಇಲ್ಲ.

"ಸುಮತಿ, ಇದೆಂತ ಮಾಡಿದ್ದು?"

ಸುಮತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಹೆಮ್ಮೆಯಿಂದ ನಿಂತಿದ್ದಳು. "ನಿನ್ನೆಯಿಂದ ಕೂತು ತಿಕ್ಕಿದ್ದು ಅಕ್ಕ. ಥಿನ್ನರ್ ಹಾಕಿ ಹಾಕಿ ಕೈಯೆಲ್ಲ ಸುಟ್ಟಿದೆ. ಅಷ್ಟು ದೊಡ್ಡ ಮನುಷ್ಯರು ಮನೆಗೆ ಬರುವಾಗ ಆ ಕಚಡ ಎಲ್ಲ ಎದುರಿಗೆ ಇಡ್ಲಿಕ್ಕಾಗ್ತದಾ? ಎಲ್ಲ ಒಳಗೆ ಹಾಕಿದೆ."

ಜಯಂತ ಮೂಲೆಯಲ್ಲಿ ನಿಂತಿದ್ದ, ಇಸ್ತ್ರಿ ಹಾಕಿದ ಶರ್ಟು, ಬೆಕ್ಕಿನ ಎದುರಿನ ಇಲಿಯ ಹಾಗೆ. "ನಾನು ಬೇಡ ಅಂದೆ ಅಕ್ಕ" ಎಂದ ಪಿಸುದನಿಯಲ್ಲಿ. ನನಗೆ ಅವಳನ್ನು ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ನಾನಾಗಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ನೆಂಟರು ಬರುತ್ತಾರೆ ಎಂದರೆ ಮನೆಯಲ್ಲಿ ಮನುಷ್ಯರು ಬದುಕಿದ ಗುರುತೇ ಕಾಣದ ಹಾಗೆ ಒತ್ತರೆ ಮಾಡುವವರು ನಾವು.

ಮರಿಯಮ್ ಮೇಡಂ ಒಂದು ಸುತ್ತು ನೋಡಿದರು. "ಚಿತ್ರ ಎಲ್ಲಿ?" ಎಂದು ಕೇಳಿದರು.

"ಫಸ್ಟ್ ಫುಡ್ ಮೇಡಂ, ಫಸ್ಟ್ ಫುಡ್" ಎಂದಳು ಸುಮತಿ. ನೀರುದೋಸೆ, ಕೋಳಿ ಗಸಿ, ಸುಕ್ಕ, ಪಾಯಸ. ಪುಣ್ಯಕ್ಕೆ ಮರಿಯಮ್ ಮೇಡಂ ಬೇಡ ಅನ್ನಲಿಲ್ಲ. ಕೂತು, ನೀರುದೋಸೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ಹೊಟ್ಟೆ ತುಂಬ ಉಂಡರು. ಕೈ ತೊಳೆದು ಬಂದು, "ಈಗ ತೆಗೆಯಿರಿ" ಎಂದರು.

ಆಮೇಲೆ ನಡೆದದ್ದು ಮೆರವಣಿಗೆ. ಮಂಚದ ಕೆಳಗಿನಿಂದ, ಕಪಾಟಿನ ಹಿಂದಿನಿಂದ, ಬಚ್ಚಲಿನಿಂದ, ಮೇಲಿನ ಮನೆಯವರ ಬಾಲ್ಕನಿಯಿಂದ ಚಿತ್ರಗಳು ಬಂದವು. ನಾವು ನಾಲ್ವರೂ ಹೊತ್ತೆವು. ಸೋಫಾ, ಕುರ್ಚಿ, ಫ್ರಿಜ್ಜು, ಎಲ್ಲದಕ್ಕೂ ಚಿತ್ರ ಒರಗಿಸಿದೆವು. ಅಲ್ ಹಿಲಾಲ್‌ನ ಬೀದಿಗಳು, ಬಟ್ಟೆ ಒಣಗಿಸಿದ ತಾರಸಿಗಳು, ಸೈಕಲ್ಲು ಒರಗಿಸಿದ ವಿಲ್ಲಾ ಕಂಪೌಂಡು, ಎ.ಸಿ. ಪೆಟ್ಟಿಗೆಯ ಕೆಳಗೆ ನೀರು ತೊಟ್ಟಿಕ್ಕಿ ಕಲೆಯಾದ ಗೋಡೆ. ಎಷ್ಟೋ ಬೀದಿಗಳು ಈಗ ಇಲ್ಲ.

ಮರಿಯಮ್ ಮೇಡಂ ಒಂದೊಂದರ ಎದುರು ನಿಂತರು. ಜಯಂತ ಉಗುರು ಕಚ್ಚುತ್ತಿದ್ದ. ಕೊನೆಗೆ ಅವರು ಅವನ ಕಡೆ ತಿರುಗಿ ಇಂಗ್ಲಿಷಿನಲ್ಲೇ, ನೇರವಾಗಿ ಹೇಳಿದರು.

"ನಿನ್ನ ಆಕಾಶ ಸುಳ್ಳು. ಎಲ್ಲ ಚಿತ್ರದಲ್ಲೂ ಸುಳ್ಳು. ಇಷ್ಟು ನೀಲಿ, ಇಷ್ಟು ತೊಳೆದ ಹಾಗೆ ಇರುವ ಆಕಾಶವನ್ನು ನಾನು ಹುಟ್ಟಿದಂದಿನಿಂದ ಇಲ್ಲಿ ನೋಡಿಲ್ಲ. ನಮ್ಮ ಆಕಾಶದಲ್ಲಿ ಧೂಳು ಇದೆ. ನೀನು ಒಂದು ದಿನವೂ ತಲೆ ಎತ್ತಿ ನೋಡಲಿಲ್ಲವೇ?"

ಅವರ ಮಾತು ಸರಿ. ಆ ಆಕಾಶ ನಮ್ಮದು, ಮಳೆ ಬಿಟ್ಟ ಸಂಜೆಯ ಮುಲ್ಕಿಯ ಆಕಾಶ. ಅಷ್ಟು ಸಲ ನೋಡಿಯೂ ನನಗೆ ಹೊಳೆದಿರಲಿಲ್ಲ. ಜಯಂತ ಒಪ್ಪಿದ ಹಾಗೆ ತಲೆ ಅಲ್ಲಾಡಿಸಿದ. ಕೇಳಿದ್ದು ಅವನೇ, ಉತ್ತರ ಸಿಕ್ಕಿತು. ಆದರೆ ಅವನ ಮುಖದಲ್ಲಿ ರಕ್ತ ಇರಲಿಲ್ಲ. ನನಗಂತೂ, ಯಾಕಾದರೂ ಇವರನ್ನು ಕರೆತಂದೆನೋ ಎನಿಸಿತು.

ಸುಮತಿಗೆ ಇಂಗ್ಲಿಷು ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ಗಂಡನ ಮುಖ ಅರ್ಥವಾಯಿತು. "ಎಂತ ಹೇಳಿದ್ರು ಅಕ್ಕ? ಚೆನ್ನಾಗಿಲ್ಲ ಅಂದ್ರಾ? ಉಂಡು ಕೈ ತೊಳೆದು ಹೀಗೆ ಹೇಳುವುದಾ?" ಎಂದು ದನಿ ಏರಿಸಿದಳು. ಬಣ್ಣದ ವಾಸನೆಗೆ ತಲೆನೋವೆಂದು ಗಂಡನೊಂದಿಗೆ ವರ್ಷಗಟ್ಟಲೆ ಜಗಳ ಮಾಡಿದವಳು ಇವಳೇ.

ನಾನು ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಮರಿಯಮ್ ಮೇಡಂ ಫ್ರಿಜ್ಜಿಗೆ ಒರಗಿಸಿದ ಚಿತ್ರದ ಎದುರು ನೆಲದಲ್ಲೇ ಕೂತಿದ್ದರು. ಆಕಾಶ ಕಾಣದ ಚಿತ್ರ ಅದು. ಮಧ್ಯಾಹ್ನದ ಬಿಸಿಲಲ್ಲಿ ಒಂದು ಹಳೆ ಗೋಡೆ ಮಾತ್ರ. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದರು.

"ಈ ಗೋಡೆಯನ್ನು ಹೇಗೆ ಮಾಡಿದೆ?" ಎಂದು ಕೇಳಿದರು.

ಜಯಂತನಿಗೆ ಕೇಳಿಸಲಿಲ್ಲವೋ ನಂಬಲಿಲ್ಲವೋ. ಅವರು ಇನ್ನೊಮ್ಮೆ ಕೇಳಿದರು. "ಈ ಬಣ್ಣ. ಹಳೆ ದೋಹಾದ ಗೋಡೆಯಲ್ಲಿ ಬಿಸಿಲು ಒಳಗಿನಿಂದ ಬರುತ್ತದೆ. ನಾನು ಎಷ್ಟು ವರ್ಷದಿಂದ ಒದ್ದಾಡುತ್ತಿದ್ದೇನೆ, ನನ್ನದು ಬಿಸ್ಕತ್ತಿನ ಹಾಗೆ ಆಗುತ್ತದೆ. ನಿನಗೆ ಹೇಗೆ ಬಂತು?"

"ಅದು... ಕೆಳಗೆ ಕೆಂಪು ಉಂಟು ಮೇಡಂ" ಎಂದ ಜಯಂತ.

"ಕೆಂಪು ಯಾಕೆ?"

ಅವನು ನನ್ನ ಕಡೆ ನೋಡಿದ, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಗೋಡೆ ಅಂದ್ರೆ ಒಳಗೆ ಕೆಂಪು ಕಲ್ಲು ಅಲ್ವಾ ಅಕ್ಕ? ನಾನು ಯಾವಾಗಲೂ ಮೊದಲು ಅದನ್ನು ಹಚ್ಚುವುದು. ಮತ್ತೆ ಮೇಲಿಂದ ಗಾರೆ."

ನಾನು ಇದನ್ನು ಹೇಗೆ ಹೇಳಲಿ? ನಮ್ಮೂರಿನಲ್ಲಿ ಮನೆ ಕಟ್ಟುವುದು ನೆಲದಿಂದ ಕಡಿದು ತೆಗೆದ ಕೆಂಪು ಕಲ್ಲಿನಿಂದ, ಗಾರೆ ಬಿದ್ದ ಕಡೆಯೆಲ್ಲ ಆ ಕೆಂಪು ಇಣುಕುತ್ತದೆ ಎಂದು ಮೇಡಂಗೆ ವಿವರಿಸಿದೆ. ಇಲ್ಲಿಯ ಹಳೆ ಗೋಡೆಯೊಳಗೆ ಇರುವುದು ಸಮುದ್ರದ ಕಲ್ಲು, ಬಿಳಿ. ಅದು ಅವನಿಗೆ ಗೊತ್ತೇ ಇರಲಿಲ್ಲ. ಮರಿಯಮ್ ಮೇಡಂ ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಮಾಡಿ ತೋರಿಸು. ಯಲ್ಲಾ, ಬೇಗ" ಎಂದರು.

ಮಾಡಿ ತೋರಿಸಲು ಬಣ್ಣ ಎಲ್ಲಿ? ಎಲ್ಲರೂ ಸುಮತಿಯನ್ನು ನೋಡಿದೆವು. ಅವಳು ಅಡಿಗೆಕೋಣೆಗೆ ಹೋಗಿ, ಇಡ್ಲಿ ಪಾತ್ರೆಯೊಳಗಿಂದ ಟ್ಯೂಬುಗಳನ್ನೆಲ್ಲ ತಂದು ಹೊಸ ಮೇಜುಬಟ್ಟೆಯ ಮೇಲೆ ಸುರಿದಳು. ಪ್ಯಾಕಿಂಗ್ ಪೆಟ್ಟಿಗೆಯ ಒಂದು ರಟ್ಟು ಹರಿದುಕೊಟ್ಟಳು. ಜಯಂತ ಕೆಂಪು ಹಚ್ಚಿದ, ಬಟ್ಟೆಯಲ್ಲಿ ಒರೆಸಿದ. ಅದರ ಮೇಲೆ ಮಾಸಲು ಹಳದಿಯನ್ನು, ಅವಧಿ ಮುಗಿದ ಹೆಲ್ತ್ ಕಾರ್ಡಿನಿಂದ ಎಳೆದ. ನಮ್ಮ ಕಣ್ಣೆದುರೇ ಗೋಡೆ ಎದ್ದಿತು. ಮರಿಯಮ್ ಮೇಡಂ ಅಬಾಯಾದ ತೋಳು ಮೇಲೇರಿಸಿ ಕಾರ್ಡು ಕಿತ್ತುಕೊಂಡು ತಾವೂ ಎಳೆದರು. "ಇಷ್ಟು ಒತ್ತಬೇಡಿ ಮೇಡಂ, ಮೆಲ್ಲ, ಮೆಲ್ಲ" ಎಂದು ಜಯಂತ ಅವರಿಗೇ ಗದರುವಷ್ಟು ಮೈಮರೆತಿದ್ದ. ಥಿನ್ನರಿನಲ್ಲಿ ತಿಕ್ಕಿದ ನೆಲದ ತುಂಬ ಮತ್ತೆ ಬಣ್ಣ.

ಹೊರಡುವ ಮೊದಲು ಮರಿಯಮ್ ಮೇಡಂ ಚಿತ್ರಗಳನ್ನು ಎರಡು ಪಾಲು ಮಾಡಿದರು. ಗೋಡೆಗಳೆಲ್ಲ ಒಂದು ಕಡೆ, ಚಿಕ್ಕ ಪಾಲು. ಆಕಾಶಗಳೆಲ್ಲ ಇನ್ನೊಂದು ಕಡೆ, ದೊಡ್ಡ ಪಾಲು. "ಇವು ಚಿತ್ರ. ಅವು ಅಲ್ಲ" ಎಂದರು. ಅಷ್ಟೇ. ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಜಯಂತ ಗೋಡೆಗಳ ಪಾಲಿನ ಪಕ್ಕದಲ್ಲಿ ಕೂತು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಕೆಲವು ವಾರದ ಮೇಲೆ ಮರಿಯಮ್ ಮೇಡಂ ಮನೆಗೆ ಅತಿಥಿಗಳನ್ನು ಕರೆದುಕೊಂಡು ಹೋದೆ. ಆ ದಿನ ಸುಕುಮಾರನ್ ಕೂಡ ಬಂದು, ತೆರೆದ ಬಾಗಿಲಿನ ಹೊರಗೇ ನಿಂತಿದ್ದರು. ಸ್ಟ್ಯಾಂಡಿನ ಮೇಲೆ ಹೊಸ ಚಿತ್ರ, ಅದರಲ್ಲೊಂದು ಗೋಡೆ. ಅತಿಥಿಯೊಬ್ಬಳು ಈ ವಿದ್ಯೆ ಎಲ್ಲಿ ಕಲಿತಿರಿ, ವಿದೇಶದಲ್ಲೋ ಎಂದು ಕೇಳಿದಳು. "ಇಲ್ಲಿಯವರೇ ಒಬ್ಬರು ಕಲಿಸಿದರು. ಅಲ್ ಹಿಲಾಲ್‌ನವರು" ಎಂದರು ಮರಿಯಮ್ ಮೇಡಂ. ಸುಕುಮಾರನ್ ಗಡಿಯಾರ ನೋಡಿಕೊಂಡರು.

ಜಯಂತ, ಸುಮತಿ ಹೊರಟ ದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವಳು ನಾನೇ. ಚೌಕಟ್ಟು ಬಿಚ್ಚಿ ಸುತ್ತಿದ ಕ್ಯಾನ್ವಾಸಿನ ಸುರುಳಿ ನೋಡಿ ನನಗೆ ಆಶ್ಚರ್ಯ. ಗೋಡೆಗಳಷ್ಟೇ ಆಗಿದ್ದರೆ ಅದು ಅಷ್ಟು ದಪ್ಪ ಇರಬೇಕಾದ್ದಿಲ್ಲ.

"ಆಕಾಶವನ್ನೂ ಹಾಕಿದ್ರಾ?"

"ನಾನು ಬೇಡ ಅಂದೆ ಅಕ್ಕ" ಎಂದ ಜಯಂತ, ಎಂದಿನಂತೆ.

ಸುಮತಿ ಗದರಿದಳು. "ಇಲ್ಲಿಗೆ ಸುಳ್ಳಾದ್ರೆ ಊರಿಗೆ ಸರಿ ಇರ್ತದೆ. ಊರಿನ ಆಕಾಶವನ್ನು ಇಲ್ಲಿ ಬಿಟ್ಟು ಹೋಗುವುದಾ?"

ಕೌಂಟರಿನಲ್ಲಿ ತೂಕ ಹೆಚ್ಚಾಯಿತು. ಹೆಚ್ಚಾಗದೆ ಊರಿಗೆ ಹೋದ ನಮ್ಮವರು ಯಾರಿದ್ದಾರೆ? ಕೌಂಟರಿನ ಹುಡುಗಿ ಕ್ಯಾನ್ವಾಸಿನ ಸುರುಳಿಗೆ ಬೆರಳು ತೋರಿಸಿ, ಇದನ್ನು ಬಿಟ್ಟರೆ ಸರಿಯಾಗುತ್ತದೆ ಎಂದಳು. ಜಯಂತ ಅದನ್ನು ತೆಗೆದಿಡಲು ಕೈ ಹಾಕಿಯೇ ಬಿಟ್ಟ. ಸುಮತಿ ಅವನ ಕೈ ತಳ್ಳಿ, ಅಲ್ಲೇ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಸೂಟ್‌ಕೇಸಿನ ಜಿಪ್ ಎಳೆದಳು. ನಾದಿನಿಗೆ ತೆಗೆದ ಕಂಬಳಿ, ಅಕ್ಕನ ಮಕ್ಕಳ ಚಾಕಲೇಟು, ಅತ್ತರು ಬಾಟ್ಲಿ, ಹಾಲಿನ ಪುಡಿಯ ಡಬ್ಬ, ಒಂದೊಂದನ್ನೇ ತೆಗೆದು ನನ್ನ ಮಡಿಲಿಗೆ ಹಾಕಿದಳು. ಗಲ್ಫಿನಿಂದ ಕಡೆಯ ಸಲ ಊರಿಗೆ ಹೋಗುವ ಹೆಂಗಸು ಬರಿಗೈಯಲ್ಲಿ ಹೋದದ್ದನ್ನು ನಾನು ಕಂಡದ್ದಿಲ್ಲ, ಕೇಳಿದ್ದೂ ಇಲ್ಲ.

"ಸುಮತಿ, ಮಂಡೆ ಸಮ ಉಂಟಾ ನಿಂಗೆ? ನಾಳೆ ಮನೆಗೆ ನೆಂಟರೆಲ್ಲ ಬರ್ತಾರೆ. ಅವರಿಗೆ ಎಂತ ಕೊಡ್ತೀ?"

ಅವಳು ಜಿಪ್ ಎಳೆದು ಎದ್ದು ನಿಂತಳು.

"ಊಟ ಹಾಕ್ತೇನೆ ಅಕ್ಕ. ಮತ್ತೆ ಎಲ್ಲರನ್ನೂ ಕೂರಿಸಿ ಇವರ ಚಿತ್ರ ತೋರಿಸ್ತೇನೆ, ಒಂದೊಂದೇ. ಯಾರಾದ್ರೂ ನೋಡದೆ ಎದ್ದು ಹೋಗ್ಲಿ ನೋಡುವ."